ಬೆರಳು ಮೆಚ್ಚುವ ಮಣೆ

ವರ್ಷಗಟ್ಟಲೆ ದುಡಿದ ಕೀಬೋರ್ಡೊಂದನ್ನು ನೋಡಿದರೆ ಸಾಕು, ಅದರ ಮುಂದೆ ಕೂತವರು ಯಾವ ಭಾಷೆ ಬರೆಯುತ್ತಿದ್ದರು ಎಂದು ಹೇಳಬಹುದು. ಇಂಗ್ಲಿಷ್ ಬರೆಯುವವರ ಮಣೆಯಲ್ಲಿ ಆ ಭಾಷೆಯ ಸ್ವರಗಳೂ ಎಸ್, ಎನ್, ಟಿಗಳೂ ಮೊದಲು ಮಾಸುತ್ತವೆ. ‘ಬರಹ’ ತಂತ್ರಾಂಶದ ಲಿಪ್ಯಂತರ ಪದ್ಧತಿಯಲ್ಲಿ ಕನ್ನಡ ಬರೆಯುವವರದಾದರೆ ಎ ಕೀ ಎಲ್ಲಕ್ಕಿಂತ ನುಣ್ಣಗಾಗಿರುತ್ತದೆ, ಅಲ್ಲಿ ಬರೀ ‘ಕ’ ಮೂಡಬೇಕಾದರೂ ಕೆ ಆದಮೇಲೆ ಎ ಒತ್ತಲೇಬೇಕು. ‘ನುಡಿ’ ತಂತ್ರಾಂಶದಲ್ಲಿ ಬರೆಯುವವರ ಮಣೆಯಲ್ಲಿ ಎಫ್ ಕೀಯನ್ನು ನೋಡಿ. ಇಂಗ್ಲಿಷಿನಲ್ಲಿ ಅಷ್ಟೇನೂ ಕೆಲಸವಿಲ್ಲದ ಆ ಅಕ್ಷರ ಇಲ್ಲಿ ಪೂರ್ತಿ ಅಳಿಸಿಹೋಗಿರುತ್ತದೆ. ತೋರುಬೆರಳಿಗೆ ಜಾಗ ಗೊತ್ತಾಗಲೆಂದು ಅದರ ಮೇಲೆ ಇಟ್ಟಿದ್ದ ಸಣ್ಣ ಗೀಟೂ ಸವೆದಿರುತ್ತದೆ. ನುಡಿಯಲ್ಲಿ ಎಫ್ ಅಂದರೆ ಹಲಂತ. ಕನ್ನಡದ ಒಂದೊಂದು ಒತ್ತಕ್ಷರವೂ ಆ ಕೀಯನ್ನು ದಾಟಿಕೊಂಡೇ ಪರದೆಗೆ ಬರಬೇಕು.

ಕಡಿಮೆ ದುಡ್ಡಿನಲ್ಲಿ ಕೀಬೋರ್ಡ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಇಂಗ್ಲಿಷ್ ಬರೆಯುವ ಕೈಗಳಿಗೆ, ಇಲ್ಲವೇ ಗೇಮ್ ಆಡುವ ಹುಡುಗರಿಗೆ ಹೇಳಿದವು. ಕನ್ನಡ ಬರೆಯುವ ಕೈ ಓಡಾಡುವ ದಾರಿಯೇ ಬೇರೆ. ಆ ದಾರಿ ತಿಳಿದು ಆರಿಸಿದರೆ ಆರುನೂರು ರೂಪಾಯಿಯ ಮಣೆಯೂ ನಿಜವಾದ ಸುಖ ಕೊಡುತ್ತದೆ. ತಿಳಿಯದೆ ಆರಿಸಿದರೆ ಮೂರು ಸಾವಿರದ್ದೂ ಕಿರುಬೆರಳಿನ ನೋವಾಗುತ್ತದೆ. ದಿನಕ್ಕೆ ಏಳೆಂಟು ಗಂಟೆ ಬೆರಳು ತಾಗುವ ವಸ್ತು ಮನೆಯಲ್ಲಿ ಬೇರೆ ಯಾವುದಿದೆ? ಮಾನಿಟರಿಗೆ ಎಂಟು ಸಾವಿರ ಕೊಟ್ಟವರು ಕೀಬೋರ್ಡಿನ ಹತ್ತಿರ ಬಂದಾಗ ‘ಯಾವುದೋ ಒಂದು ಕೊಡಿ’ ಎನ್ನುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ರೂಪಿಸಿದ ಕೀಬೋರ್ಡ್ ವಿನ್ಯಾಸ ನನ್ನ ದೃಷ್ಟಿಯಲ್ಲಿ ಕನ್ನಡಕ್ಕೆ ಸಿಕ್ಕ ಬಹಳ ಚೆಲುವಾದ ವಸ್ತುಗಳಲ್ಲಿ ಒಂದು. ಕನ್ನಡದ ಅಷ್ಟೂ ವರ್ಣಮಾಲೆ ಇಂಗ್ಲಿಷಿನ 26 ಕೀಗಳಲ್ಲೇ ಅಡಗಿ ಕೂತಿದೆ. ಅಲ್ಪಪ್ರಾಣಕ್ಕೆ ಬರಿಯ ಕೀ, ಮಹಾಪ್ರಾಣಕ್ಕೆ ಶಿಫ್ಟ್. ಹ್ರಸ್ವಕ್ಕೆ ಬರಿಯ ಕೀ, ದೀರ್ಘಕ್ಕೆ ಶಿಫ್ಟ್. ವ್ಯಂಜನದೊಳಗಿನ ಅಕಾರಕ್ಕೆ ಏನೂ ಒತ್ತಬೇಕಿಲ್ಲ. ಒಂದು ಮಧ್ಯಾಹ್ನ ಕೂತರೆ ತಲೆಗೆ ಹತ್ತುತ್ತದೆ, ಒಂದೆರಡು ವಾರದಲ್ಲಿ ಕೈಗೂ ಹತ್ತುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆ ಅದು ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯಿತು. ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಈಗಲೂ ಸಿದ್ಧವಾಗಿ ಸಿಗುತ್ತದೆ.

ಈ ವಿನ್ಯಾಸದಲ್ಲಿ ‘ಬೆಂಗಳೂರು’ ಎಂದು ಬರೆಯುವಾಗ ಕೈ ಏನು ಮಾಡುತ್ತದೆ ನೋಡಿ. ಬಿ, ಇ, ಶಿಫ್ಟ್ ಹಿಡಿದು ಎಂ, ಬಿಟ್ಟು ಜಿ, ಮತ್ತೆ ಶಿಫ್ಟ್ ಹಿಡಿದು ಎಲ್ ಮತ್ತು ಯು, ಬಿಟ್ಟು ಆರ್, ಯು. ಎಂಟು ಒತ್ತುಗಳಲ್ಲಿ ಮೂರು ಶಿಫ್ಟಿನವು. ಆ ಮೂರೂ, ಅಂದರೆ ಅನುಸ್ವಾರ, ಳಕಾರ, ದೀರ್ಘ ಊಕಾರ, ಬಲಗೈಯ ಕಡೆ ಇವೆ. ಹಾಗಾಗಿ ಶಿಫ್ಟ್ ಹಿಡಿಯುವ ಕೆಲಸ ಎಡಗೈ ಕಿರುಬೆರಳಿನದು. ಣಕಾರ, ಈಕಾರ, ಓಕಾರಗಳೂ ಬಲಗಡೆಯವೇ. ಕನ್ನಡದ ಭಾರದ ದೊಡ್ಡ ಪಾಲು ಎಡ ಶಿಫ್ಟಿನ ಮೇಲೆ ಬೀಳುತ್ತದೆ. ಆ ಕೀ ಮೇಲೇಳುವುದು ತುಸು ತಡವಾದರೆ ಪರದೆಯ ಮೇಲೆ ‘ಬೆಂಘಳೂರು’ ಮೂಡುತ್ತದೆ. ಒತ್ತಿದ್ದು ಸರಿಯಾಗಿ ಕೂರದಿದ್ದರೆ ‘ಬೆಮಗಲುರು’. ಬೇಗ ಬರೆಯುವವರ ಕರಡಿನಲ್ಲಿ ಕಾಣುವ ಇಂಥ ತಪ್ಪುಗಳಿಗೆ ಎಷ್ಟೋ ಸಲ ಬರೆದವರು ಹೊಣೆಯಲ್ಲ, ಶಿಫ್ಟ್ ಕೀ ಹೊಣೆ.

ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ಮುಟ್ಟಬೇಕಾದದ್ದು ಎಡ ಶಿಫ್ಟನ್ನು. ಎಲ್ಲರೂ ಸುಮ್ಮನೆ ನಡುವಿನ ನಾಲ್ಕು ಅಕ್ಷರ ಕುಟ್ಟಿ ‘ಪರವಾಗಿಲ್ಲ’ ಎನ್ನುತ್ತಾರೆ. ಅಗ್ಗದ ಮಣೆಯಲ್ಲೂ ನಡುವಿನ ಕೀಗಳು ಚೆನ್ನಾಗಿಯೇ ಇರುತ್ತವೆ. ಬಂಡವಾಳ ಬಯಲಾಗುವುದು ಉದ್ದನೆಯ ಕೀಗಳಲ್ಲಿ. ಶಿಫ್ಟಿನ ಹೊರಗಿನ ತುದಿಯನ್ನು ಕಿರುಬೆರಳಿನಿಂದ ಒತ್ತಿ. ಒಳ್ಳೆಯದಾದರೆ ಇಡೀ ಪಟ್ಟಿ ಸಮವಾಗಿ ಇಳಿದು ಸಮವಾಗಿ ಏಳುತ್ತದೆ. ಕಳಪೆಯದಾದರೆ ಒತ್ತಿದ ತುದಿ ಇಳಿದು ಇನ್ನೊಂದು ತುದಿ ಮೇಲೇ ನಿಲ್ಲುತ್ತದೆ, ಇಲ್ಲವೇ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಉದ್ದ ಕೀಗಳ ಕೆಳಗೆ ಬಾಗಿದ ಸಣ್ಣದೊಂದು ಉಕ್ಕಿನ ತಂತಿ ಇರುತ್ತದೆ; ಒಂದು ತುದಿಯ ಒತ್ತಡವನ್ನು ಇನ್ನೊಂದು ತುದಿಗೆ ದಾಟಿಸುವುದು ಅದರ ಕೆಲಸ. ಎಷ್ಟೋ ಅಗ್ಗದ ಮಣೆಗಳಲ್ಲಿ ಸ್ಪೇಸ್ ಬಾರಿಗೆ ಮಾತ್ರ ತಂತಿ ಕೊಟ್ಟು ಶಿಫ್ಟನ್ನು ಬರಿಯ ಪ್ಲಾಸ್ಟಿಕ್ ಕಂಬಗಳ ಮೇಲೆ ನಿಲ್ಲಿಸಿರುತ್ತಾರೆ. ಅದು ತಪ್ಪೇನಲ್ಲ, ಕಂಬದ ಅಳತೆ ಕರಾರುವಾಕ್ಕಾಗಿದ್ದರೆ ಸಾಕು. ಅದು ಬೆರಳಿಗೆ ಮಾತ್ರ ಗೊತ್ತಾಗುವ ಸಂಗತಿ, ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಎಡ ಶಿಫ್ಟಿನ ಉದ್ದವನ್ನೂ ನೋಡಬೇಕು. ಕೆಲವು ಮಣೆಗಳಲ್ಲಿ ಅದನ್ನು ಮೊಟಕು ಮಾಡಿ ಜೆಡ್ ಪಕ್ಕ ಇನ್ನೊಂದು ಕೀ ತುರುಕಿರುತ್ತಾರೆ. ಯುರೋಪಿನ ಭಾಷೆಗಳಿಗೆ ಅದು ಬೇಕು, ನಮಗೆ ಬೇಡ. ಕಿರುಬೆರಳು ಶಿಫ್ಟಿಗೆ ಹೋಗಿ ಆ ಕೀಯನ್ನು ತಾಗಿದರೆ ವಾಕ್ಯದ ನಡುವೆ ಓರೆಗೀಟು ಬಂದು ಕೂರುತ್ತದೆ. ಎಂಟರ್ ಕೀಯನ್ನು ಎಲ್ ಆಕಾರದಲ್ಲಿ ದೊಡ್ಡದು ಮಾಡಿ ಬ್ಯಾಕ್‌ಸ್ಪೇಸನ್ನು ಚಿಕ್ಕದು ಮಾಡಿದ ಮಣೆಗಳೂ ಇವೆ. ಬರೆಯುವವರಿಗೆ ಎಂಟರ್ ಬೇಕಾಗುವುದು ಪ್ಯಾರಾ ಮುಗಿದಾಗ, ಬ್ಯಾಕ್‌ಸ್ಪೇಸ್ ಬೇಕಾಗುವುದು ಸಾಲು ಸಾಲಿಗೂ. ದೊಡ್ಡ ಬ್ಯಾಕ್‌ಸ್ಪೇಸ್ ಇರುವುದನ್ನೇ ಆರಿಸಿ.

ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡ್ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಹಾಗೆ ಅಚ್ಚಾಗಿ ಬರುವವುಗಳಲ್ಲಿ ಸಾಮಾನ್ಯವಾಗಿ ಇರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಆ ವಿನ್ಯಾಸ ಕಲಿತವರಿಗೆ ಮೊದಲ ದಿನಗಳಲ್ಲಿ ಅಚ್ಚಿನ ನೆರವು ಬೇಕಾದೀತು. ನುಡಿಯವರಿಗೆ ಅದು ಬರಿಯ ಗೊಂದಲ.

ಈಗ ಒಳಗಿನ ವಿಷಯ. ಐನೂರರಿಂದ ಏಳುನೂರು ರೂಪಾಯಿಯಲ್ಲಿ ಸಿಗುವುದೆಲ್ಲ ಮೆಂಬ್ರೇನ್ ಜಾತಿಯವು. ಬಿಚ್ಚಿ ನೋಡಿದರೆ ಮೂರು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನದರ ಮೇಲೂ ಕೆಳಗಿನದರ ಮೇಲೂ ವಿದ್ಯುತ್ ಹರಿಸುವ ಮಸಿಯಲ್ಲಿ ಗೆರೆಗಳನ್ನು ಅಚ್ಚು ಮಾಡಿರುತ್ತಾರೆ; ನಡುವಿನ ಹಾಳೆಯಲ್ಲಿ ಪ್ರತಿ ಕೀಯ ಕೆಳಗೆ ಒಂದೊಂದು ತೂತು. ಹಾಳೆಗಳ ಮೇಲೆ ರಬ್ಬರಿನ ಪುಟ್ಟ ಗುಮ್ಮಟಗಳು ಸಾಲಾಗಿ ಕೂತಿರುತ್ತವೆ. ಕೀ ಒತ್ತಿದಾಗ ಗುಮ್ಮಟ ಕುಸಿದು, ತೂತಿನ ಮೂಲಕ ಎರಡು ಹಾಳೆಗಳು ಒಂದನ್ನೊಂದು ಮುಟ್ಟಿ, ಅಕ್ಷರ ಹೊರಡುತ್ತದೆ. ಸುಖವೆಲ್ಲ ಇರುವುದು ಆ ಗುಮ್ಮಟ ಕುಸಿಯುವ ರೀತಿಯಲ್ಲಿ. ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿತುಕುವಾಗ ಮೊದಲು ಒಂದು ತಡೆ, ಆಮೇಲೆ ಪುಳಕ್ಕನೆ ಬೇಳೆ ಜಾರಿ ಹೊರಬರುತ್ತದಲ್ಲ, ಒಳ್ಳೆಯ ಮೆಂಬ್ರೇನಿನ ಕೀ ಹಾಗೇ ಇಳಿಯಬೇಕು. ತಡೆಯೂ ಸ್ಪಷ್ಟ, ಬಿಡುಗಡೆಯೂ ಸ್ಪಷ್ಟ. ಕಳಪೆ ರಬ್ಬರಿನಲ್ಲಿ ಎರಡೂ ಇರುವುದಿಲ್ಲ. ಬೆರಳು ಮೆತ್ತಗೆ ಎಲ್ಲೋ ಮುಳುಗುತ್ತದೆ, ಅಕ್ಷರ ಬಂತೋ ಇಲ್ಲವೋ ಎಂದು ಕಣ್ಣು ಪರದೆಗೆ ಓಡುತ್ತದೆ. ಕೈ ಹೇಳಬೇಕಾದದ್ದನ್ನು ಕಣ್ಣು ಕೇಳುವಂತಾದರೆ ಬರವಣಿಗೆಯ ಓಟ ಅಲ್ಲಿಗೆ ಮುರಿಯಿತು.

ಇಳಿಯುವುದಕ್ಕಿಂತ ಏಳುವುದು ಇನ್ನೂ ಮುಖ್ಯ. ಒತ್ತಿದ ಬೆರಳನ್ನು ನಿಧಾನಕ್ಕೆ ಸಡಿಲಿಸಿ. ಕೀ ಬೆರಳನ್ನು ಮೆಲ್ಲಗೆ ಎತ್ತಿಕೊಡುವ ಹಾಗಿರಬೇಕು. ‘ಕಣ್ಣು’, ‘ಅಣ್ಣ’, ‘ಹಳ್ಳಿ’, ‘ಬೆಲ್ಲ’ ಇವನ್ನು ಬರೆದು ನೋಡಿ. ಒಂದು ಕೀ, ಹಲಂತ, ಮತ್ತೆ ಅದೇ ಕೀ. ಮೊದಲ ಸಲ ಒತ್ತಿದ್ದು ಪೂರ್ತಿ ಎದ್ದಿರದಿದ್ದರೆ ಎರಡನೆಯದು ಬೀಳುವುದೇ ಇಲ್ಲ. ದ್ವಿತ್ವಾಕ್ಷರಗಳಿಂದ ತುಂಬಿದ ನಮ್ಮ ಭಾಷೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ‘ಅಕ್ಕ ಅಣ್ಣ ಹಳ್ಳಿ ಬೆಲ್ಲ’ ಎಂಬಷ್ಟನ್ನು ತಪ್ಪಿಲ್ಲದೆ, ಓಡುವ ವೇಗದಲ್ಲಿ ಬರೆಯಲು ಬಿಟ್ಟ ಮಣೆಯನ್ನು ಧೈರ್ಯವಾಗಿ ಮನೆಗೆ ತನ್ನಿ.

ಹೊಸದರಲ್ಲಿ ನಾನು ಮೊದಲು ಹೆಸರಿಸುವುದು ಲಾಜಿಟೆಕ್ ಕೆ120. ನೋಡಲು ಏನೂ ವಿಶೇಷವಿಲ್ಲದ ಕಪ್ಪು ಹಲಗೆ. ಅಕ್ಷರಗಳು ದಪ್ಪ, ಬಿಳಿ, ಚಾಳೀಸು ಬಂದವರ ಕಣ್ಣಿಗೂ ಹಿತ. ಕೀಗಳು ತೆಳ್ಳಗಿದ್ದರೂ ಇಳಿತ ಸಾಕಷ್ಟಿದೆ, ಸದ್ದು ಕಡಿಮೆ, ನೀರು ಚೆಲ್ಲಿದರೆ ಹೊರಗೆ ಹರಿದುಹೋಗುವಂತೆ ಮಾಡಿದ್ದಾರೆ. ಅದರ ಗುಣವೆಂದರೆ ಸಮತನ. ಮೂಲೆಯ ಕೀಯೂ ನಡುವಿನ ಕೀಯೂ ಒಂದೇ ಥರ ಮಾತಾಡುತ್ತವೆ. ಈ ಬೆಲೆಗೆ ಅದು ಸುಲಭವಲ್ಲ. ಡೆಲ್‌ನವರ ಕೆಬಿ216 ಅದೇ ಬೆಲೆಯ ಇನ್ನೊಂದು ದಾರಿ. ಲ್ಯಾಪ್‌ಟಾಪಿನ ಹಾಗೆ ಒಂದೊಂದು ಕೀಯೂ ಬಿಡಿಬಿಡಿಯಾಗಿ ಕೂತಿದ್ದು ಇಳಿತ ಚಿಕ್ಕದು. ಲ್ಯಾಪ್‌ಟಾಪಿನಲ್ಲೇ ಬರೆದು ಬೆಳೆದ ಕೈಗೆ ಅದು ಕೂಡಲೇ ಒಗ್ಗುತ್ತದೆ. ಬೆರಳಚ್ಚು ಯಂತ್ರದಲ್ಲಿ ಕಲಿತವರಿಗೆ ಕೆ120 ಕೊಡಿ.

ದುಡ್ಡು ಅದಕ್ಕಿಂತ ಕಡಿಮೆ ಇದ್ದರೆ ನನ್ನ ಮನಸ್ಸು ಹೊಸದನ್ನು ಬಿಟ್ಟು ಹಳೆಯದರ ಕಡೆ ವಾಲುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಕಂಪನಿಗಳು ಕಂಪ್ಯೂಟರ್ ಬದಲಿಸಿದಾಗ ಹೊರಬಿದ್ದ ಡೆಲ್, ಎಚ್‌ಪಿ, ಲೆನೊವೊ ಮಣೆಗಳು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಇಂದಿನ ಅಗ್ಗದ ಮಣೆಗಳಲ್ಲಿ ಕಾಣದ ತೂಕವಿದೆ. ಎರಡು ತುದಿ ಹಿಡಿದು ತಿರುಚಿದರೆ ಬಾಗುವುದಿಲ್ಲ. ಎತ್ತರದ ಕೀಗಳು, ಬೆರಳಿನ ತುದಿ ಕೂರುವಷ್ಟು ತಗ್ಗು, ಸಾಲು ಸಾಲಿಗೂ ಬೇರೆ ಇಳಿಜಾರು. ಕೊಳೆ ನೋಡಿ ಹಿಂಜರಿಯಬೇಡಿ, ಅದು ತೊಳೆದರೆ ಹೋಗುತ್ತದೆ. ನೋಡಬೇಕಾದದ್ದು ಎರಡು. ಅಂಗಡಿಯವರ ಕಂಪ್ಯೂಟರಿಗೆ ಸಿಕ್ಕಿಸಿ ಪ್ರತಿ ಕೀಯನ್ನೂ ಒಮ್ಮೆ ಒತ್ತಿ, ಮುಖ್ಯವಾಗಿ ಎಫ್, ಎಡ ಶಿಫ್ಟ್, ಸ್ಪೇಸ್. ಆಮೇಲೆ ವೈರಿನ ತುದಿ ನೋಡಿ. ನೇರಳೆ ಬಣ್ಣದ ದುಂಡನೆಯ ಪಿನ್ ಇದ್ದರೆ ಅದು ಹಳೆಯ ಪಿಎಸ್2 ಕಾಲದ್ದು. ಇಂದಿನ ಲ್ಯಾಪ್‌ಟಾಪಿಗೆ ಅದನ್ನು ಸೇರಿಸಲು ಪರಿವರ್ತಕ ಬೇಕು, ಬರಿಯ ಪಿನ್ ಬದಲಿಸುವ ಅಡಾಪ್ಟರ್ ಎಲ್ಲಕ್ಕೂ ಆಗಿಬರುವುದಿಲ್ಲ.

ಇನ್ನು ಟಿವಿಎಸ್ ಗೋಲ್ಡ್. ಇದರ ಬಗ್ಗೆ ಬರೆಯಲು ಕೂತರೆ ನನಗೆ ಜಾಗ ಸಾಲದು. ಬ್ಯಾಂಕಿನ ಕೌಂಟರು, ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಡೇಟಾ ಎಂಟ್ರಿಯ ಕೋಣೆ, ಎಲ್ಲಿ ಹೊತ್ತುಗಟ್ಟಲೆ ಕುಟ್ಟುವ ಕೆಲಸವಿತ್ತೋ ಅಲ್ಲೆಲ್ಲ ಈ ದೇಶದಲ್ಲಿ ಕೇಳಿಬಂದ ಟಕಟಕ ಸದ್ದು ಇದರದು. ಬಣ್ಣದ ದೀಪವಿಲ್ಲ, ಹೊಳಪಿಲ್ಲ, ಕಾಗದದ ಕಟ್ಟುಗಳ ನಡುವೆ ಎಲ್ಲೋ ಕಳೆದುಹೋಗುವಂಥ ಸಾದಾ ರೂಪ. ಆದರೆ ವರ್ಷಗಳ ಕಾಲ ಅದರ ಪ್ರತಿ ಕೀಯ ಕೆಳಗೆ ಇದ್ದದ್ದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್. ಹೊರದೇಶಗಳಲ್ಲಿ ಹವ್ಯಾಸಿಗಳು ಹುಡುಕಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದ ಸ್ವಿಚ್ಚನ್ನು ನಮ್ಮ ಗುಮಾಸ್ತರು, ಟೈಪಿಸ್ಟರು ಹೆಸರು ಕೇಳದೆಯೇ ದಿನವಿಡೀ ಅನುಭವಿಸುತ್ತಿದ್ದರು. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದಮೇಲೆ ಆ ಚಿಹ್ನೆಯನ್ನು ಕೀಯ ಮೇಲೆ ಹೊತ್ತು, ‘ಗೋಲ್ಡ್ ಭಾರತ್’ ಎಂಬ ಹೆಸರಿನಲ್ಲಿ ಅದು ಮುಂದುವರಿಯಿತು.

ನೀಲಿ ಸ್ವಿಚ್ಚಿನ ಸೊಗಸು ಎಲ್ಲಿದೆ? ಅದರ ಒಳಗಿನ ಕಂಬ ಎರಡು ತುಂಡಿನದು. ನೀಲಿ ಕಂಬದ ಸುತ್ತ ಸಡಿಲವಾಗಿ ಒಂದು ಬಿಳಿ ಉಡುಪು. ಕೀ ಇಳಿಯುತ್ತ ಹೋದ ಹಾಗೆ ಆ ಉಡುಪು ಒಂದು ಲೋಹದ ಎಲೆಯ ಉಬ್ಬಿಗೆ ತಾಗಿ ಒಂದು ಕ್ಷಣ ನಿಲ್ಲುತ್ತದೆ, ಮರುಕ್ಷಣ ಉಬ್ಬು ದಾಟಿ ಕೆಳಗೆ ಚಿಮ್ಮುತ್ತದೆ. ಕಿವಿಗೆ ಬೀಳುವ ಟಕ್ ಅದೇ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಕ್ಷರವೂ ಹೊರಟಿರುತ್ತದೆ. ಕೀ ಒಟ್ಟು ಇಳಿಯುವುದು ನಾಲ್ಕು ಮಿಲಿಮೀಟರ್, ಇದಿಷ್ಟೂ ಆಗುವುದು ಸುಮಾರು ಅರ್ಧ ದಾರಿಯಲ್ಲಿ. ಮೆಂಬ್ರೇನಿನಲ್ಲಿ ತಳ ಮುಟ್ಟುವವರೆಗೆ ಒತ್ತಲೇಬೇಕು. ಇಲ್ಲಿ ಸದ್ದು ಕೇಳಿದ ಕೂಡಲೇ ಬೆರಳು ತಿರುಗಬಹುದು. ಪಳಗಿದವರು ಬರೆಯುವಾಗ ಅವರ ಬೆರಳುಗಳು ಕೀಗಳ ಮೇಲ್ಭಾಗದಲ್ಲೇ ಆಡುತ್ತಿರುತ್ತವೆ, ತಳಕ್ಕೆ ಗುದ್ದುವುದೇ ಇಲ್ಲ. ಸಂಜೆ ಹೊತ್ತಿಗೆ ಗೆಣ್ಣು ನೋಯದಿರುವುದರ ಗುಟ್ಟು ಇದು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದ ಬಂದಾಗ ವ್ಯಂಜನ, ಹಲಂತ, ವ್ಯಂಜನ, ಹಲಂತ ಎಂದು ಸದ್ದು ತಾಳ ಹಿಡಿದು ನಡೆಯುತ್ತದೆ. ಒತ್ತಕ್ಷರ ಕಟ್ಟಿಕೊಳ್ಳುವುದನ್ನು ಕಿವಿಯಲ್ಲಿ ಕೇಳುವ ಭಾಗ್ಯ ನನಗೆ ಬೇರೆ ಯಾವ ಸಾಧನವೂ ಕೊಟ್ಟಿಲ್ಲ.

ಬೆಲೆ ಎರಡೂವರೆ, ಮೂರು ಸಾವಿರದ ಸುಮಾರು. ಬಿಗಿ ಕೈಯವರಿಗೆ ಅದು ಚಿಕ್ಕ ಮೊತ್ತವಲ್ಲ. ಆದರೆ ಮೆಂಬ್ರೇನ್ ಕೀಗೆ ತಯಾರಕರು ಹೇಳುವ ಆಯುಷ್ಯ ಸಾಮಾನ್ಯವಾಗಿ ಒಂದು ಕೋಟಿ ಒತ್ತಿನ ಆಸುಪಾಸು, ಇದಕ್ಕೆ ಹೇಳುವುದು ಐದು ಕೋಟಿ. ಬರವಣಿಗೆಯೇ ಹೊಟ್ಟೆಪಾಡಾದವರು, ದಿನವೂ ಪುಟಗಟ್ಟಲೆ ಅಕ್ಷರ ಜೋಡಿಸುವವರು, ಒಂದು ತಿಂಗಳು ತಡವಾದರೂ ಸರಿ, ದುಡ್ಡು ಕೂಡಿಸಿ ಇದನ್ನೇ ಕೊಳ್ಳಿ ಎಂದು ಕೈಹಿಡಿದು ಹೇಳುತ್ತೇನೆ. ಕೊಳ್ಳುವಾಗ ಒಂದು ಕೀಯ ಕ್ಯಾಪನ್ನು ಮೇಲೆತ್ತಿ ಒಳಗಿನ ಸ್ವಿಚ್ಚಿನ ಮೇಲೆ ಯಾರ ಹೆಸರಿದೆ ನೋಡಿಕೊಳ್ಳಿ. ಮಗು ಮಲಗುವ ಕೋಣೆಯಲ್ಲೇ ರಾತ್ರಿ ಬರೆಯುವವರಿಗೆ ಮಾತ್ರ ಇದು ಬೇಡ. ಆ ಸದ್ದು ಗೋಡೆ ದಾಟುತ್ತದೆ.

ಸದ್ದು ಬೇಡ, ಅನುಭವ ಬೇಕು ಎನ್ನುವವರಿಗೆ ಈಗ ನಡುವಿನ ದಾರಿಯೊಂದು ತೆರೆದಿದೆ. ಚೆರ್ರಿಯವರ ಈ ಸ್ವಿಚ್ಚಿನ ಪೇಟೆಂಟ್ ಅವಧಿ 2014ರ ಸುಮಾರಿಗೆ ಮುಗಿದಮೇಲೆ ಚೀನಾದ ಔಟೆಮು, ಗ್ಯಾಟೆರಾನ್ ಮೊದಲಾದವರು ಅದೇ ಅಚ್ಚಿನ ಸ್ವಿಚ್ಚುಗಳನ್ನು ಅಗ್ಗಕ್ಕೆ ಮಾಡತೊಡಗಿದರು. ಗೇಮಿಂಗ್ ಹೆಸರಿನಲ್ಲಿ ಮಾರುವ, ಎರಡು ಸಾವಿರದ ಆಚೀಚೆಯ ಮಣೆಗಳಲ್ಲಿ ಹೆಚ್ಚಾಗಿ ಇರುವುದು ಇವೇ. ನೀಲಿ ಸದ್ದಿನದು, ಕೆಂಪು ತಡೆಯಿಲ್ಲದೆ ನೇರ ಇಳಿಯುವುದು, ಕಂದು ಸದ್ದಿಲ್ಲದೆ ಒಂದು ಸಣ್ಣ ತಡೆ ಕೊಡುವುದು. ಬರೆಯುವವರಿಗೆ ಕಂದು ಸೂಕ್ತ. ಕೆಂಪಿನ ಮೇಲೆ ಬೆರಳು ಸುಮ್ಮನೆ ತಾಗಿದರೂ ಅಕ್ಷರ ಬಿದ್ದುಬಿಡುತ್ತದೆ. ಮಿನುಗುವ ದೀಪಗಳಿಗೆ ಮರುಳಾಗಬೇಡಿ, ಅವನ್ನು ಆರಿಸಿಟ್ಟೇ ನೋಡಿ. ಅಂಕಿಗಳ ಪಟ್ಟಿ ಇಲ್ಲದ ಮೊಟಕು ಮಣೆಯಾದರೆ ಅದೇ ದುಡ್ಡಿಗೆ ಇನ್ನೊಂದಿಷ್ಟು ಒಳ್ಳೆಯ ಸ್ವಿಚ್ ಸಿಗುತ್ತದೆ, ಮೌಸ್ ಕೂಡ ಕೈಗೆ ಹತ್ತಿರವಾಗುತ್ತದೆ. ಲೆಕ್ಕಪತ್ರ ಬರೆಯುವವರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಿಲ್ಲ.

ವೈರ್‌ಲೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಷ್ಟು ಕಡಿಮೆ ದುಡ್ಡಿನಲ್ಲಿ ವೈರು ಬಿಡಿಸಿಕೊಂಡರೆ ಆ ಖರ್ಚು ಕೀಗಳ ಗುಣದಿಂದಲೇ ಕಡಿತವಾಗಿರುತ್ತದೆ.

ಅಕ್ಷರ ಅಚ್ಚಾದ ಬಗೆಯನ್ನು ಉಗುರಿನಿಂದ ತಿಳಿಯಬಹುದು. ಕೀಯ ಮೇಲೆ ಉಗುರು ಆಡಿಸಿದಾಗ ಅಕ್ಷರದ ಅಂಚು ತಡೆದರೆ ಅದು ಮೇಲೆ ಒತ್ತಿದ ಬಣ್ಣ, ಸವೆಯುತ್ತದೆ. ಲೇಸರಿನಲ್ಲಿ ಕೊರೆದದ್ದು ಹೆಚ್ಚು ಬಾಳುತ್ತದೆ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದ ‘ಡಬಲ್ ಶಾಟ್’ ಕ್ಯಾಪಿನ ಅಕ್ಷರ ಅಳಿಸುವುದೇ ಇಲ್ಲ. ಗೇಮಿಂಗ್ ಮಣೆಗಳು ಬರೆಯುವವರಿಗೂ ಕೊಟ್ಟ ದೊಡ್ಡ ಉಪಕಾರ ಅದು. ಪ್ಲಾಸ್ಟಿಕ್ಕಿನಲ್ಲೂ ಎರಡು ಜಾತಿ. ಎಬಿಎಸ್ ಬೆರಳ ಜಿಡ್ಡಿಗೆ, ಉಜ್ಜಿಗೆ ಬೇಗ ಮಿರುಗುತ್ತದೆ. ಪಿಬಿಟಿ ವರ್ಷಗಳಾದರೂ ತರಿತರಿಯಾಗಿಯೇ ಉಳಿಯುತ್ತದೆ. ಅಗ್ಗದ್ದರಲ್ಲಿ ಎಬಿಎಸ್ಸೇ ಹೆಚ್ಚು. ಬೇಸರ ಬೇಡ, ಎಫ್ ಮತ್ತು ಜೆ ಮೇಲಿನ ಗೀಟು ಬೆರಳಿಗೆ ತಟ್ಟುವಷ್ಟು ಎದ್ದಿದೆಯೇ ಎಂಬುದನ್ನು ಮಾತ್ರ ಬಿಡದೆ ನೋಡಿ. ಕೆಳಗೆ ನೋಡದೆ ಬರೆಯುವ ವಿದ್ಯೆಯೆಲ್ಲ ಆ ಎರಡು ಗೀಟುಗಳ ಮೇಲೆ ನಿಂತಿದೆ.

ಮನೆಗೆ ತಂದಮೇಲೆ ಹಿಂಬದಿಯ ಎರಡು ಕಾಲುಗಳನ್ನು ಮಡಚಿಯೇ ಇಡಿ. ಅವನ್ನು ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ನೋವು ಶುರುವಾಗುವುದು ಅಲ್ಲಿಂದಲೇ. ಮಣೆ ಜಾರದಂತೆ ಅಡಿಯಲ್ಲಿ ರಬ್ಬರಿನ ಗುಬಟುಗಳಿರಬೇಕು, ಇಲ್ಲದಿದ್ದರೆ ಒಂದು ಒದ್ದೆ ಬಟ್ಟೆಯನ್ನು ಹಿಂಡಿ ಮೇಜು ಒರೆಸಿದರೂ ಅರ್ಧ ಸರಿಹೋಗುತ್ತದೆ. ಚಹಾ ಚೆಲ್ಲಿದರೆ ಮೊದಲು ವೈರು ಕಿತ್ತು ಆ ಕ್ಷಣವೇ ಬೋರಲು ಹಾಕಿ. ಹಾಳೆಗಳ ನಡುವೆ ಸಕ್ಕರೆ ನೀರು ಇಳಿದರೆ ಅಚ್ಚಾದ ಗೆರೆಗಳು ಕ್ರಮೇಣ ತುಕ್ಕು ಹಿಡಿದಂತೆ ಕರಗುತ್ತವೆ. ವರ್ಷಕ್ಕೊಂದೆರಡು ಸಲ ಕ್ಯಾಪುಗಳನ್ನು ಬಿಚ್ಚಿ, ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ ತಿರುಗಿ ಹಾಕಿದರೆ ಮಣೆ ಹೊಸದಾಗುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಅಕ್ಷರಗಳ ಸಾಲು ಬೆರಳಿಗೆ ಬಾಯಿಪಾಠವಾಗಿದ್ದರೂ ಕ್ಯಾಪುಗಳನ್ನು ಜೋಡಿಸಲು ಕೂತಾಗ ಕಣ್ಣಿಗೆ ನೆನಪಿರುವುದಿಲ್ಲ.